ವೃದ್ಧರ ಔಷಧ ಸುರಕ್ಷತೆ: ಫಾರ್ಮಸಿಸ್ಟ್ ಮತ್ತು ನಿರ್ಧಾರ ನೆರವು ತಂತ್ರಾಂಶ

ವಯಸ್ಸಾದವರು ಸೇವಿಸುತ್ತಿರುವ ಔಷಧಗಳನ್ನು ಅವರ ರೋಗಗಳು, ಮೂತ್ರಪಿಂಡದ ಸಾಮರ್ಥ್ಯ, ರಕ್ತಪರೀಕ್ಷೆಯ ಫಲಿತಾಂಶ ಮೊದಲಾದವುಗಳೊಡನೆ ತಾಳೆ ನೋಡಿ, ಹೊಂದದ ಔಷಧವನ್ನೋ ಮಿತಿಮೀರಿದ ಪ್ರಮಾಣವನ್ನೋ ಕೊಡಬೇಕಾಗಿದ್ದೂ ಬಿಟ್ಟುಹೋದ ಔಷಧವನ್ನೋ ಎತ್ತಿ ತೋರಿಸುವ ಗಣಕ ವ್ಯವಸ್ಥೆಯನ್ನು ನಿರ್ಧಾರ ನೆರವು ತಂತ್ರಾಂಶ ಎನ್ನುತ್ತಾರೆ. ಆಸ್ಪತ್ರೆ, ಔಷಧದ ಅಂಗಡಿ, ವೃದ್ಧಾಶ್ರಮ ಮತ್ತು ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ಫಾರ್ಮಸಿಸ್ಟರು ಇದನ್ನು ಔಷಧ ಪರಿಶೀಲನೆಗೆ ಬಳಸುತ್ತಾರೆ. ತಂತ್ರಾಂಶ ಸಂಶಯ ಹುಟ್ಟಿಸುವ ಅಂಶಗಳನ್ನು ಹೆಕ್ಕಿ ಕೊಡುತ್ತದೆ. ಅವುಗಳಲ್ಲಿ ಯಾವುದು ಈ ರೋಗಿಗೆ ನಿಜವಾಗಿಯೂ ಅಪಾಯ ಎಂದು ತೂಗಿ ನೋಡುವುದು, ವೈದ್ಯರೊಡನೆ ಮಾತನಾಡಿ ಚೀಟಿಯನ್ನು ತಿದ್ದಿಸುವುದು, ರೋಗಿಗೂ ಮನೆಯವರಿಗೂ ತಿಳಿಹೇಳುವುದು ಫಾರ್ಮಸಿಸ್ಟರ ಪಾಲಿನ ಕೆಲಸ. ಹಲವು ದೇಶಗಳಲ್ಲಿ ನಡೆದ ಪ್ರಯೋಗಗಳಿಂದ ಒಂದು ಸಂಗತಿ ಸ್ಪಷ್ಟವಾಗಿದೆ: ನಿಯಮಗಳ ಪಟ್ಟಿ ಒಂದೇ ಆಗಿದ್ದರೂ ಅದು ಯಾರ ಕೈಯಲ್ಲಿ, ಯಾವ ರೀತಿಯಲ್ಲಿ ಬಳಕೆಯಾಗುತ್ತದೆ ಎಂಬುದರ ಮೇಲೆ ಫಲ ನಿಂತಿದೆ.

ವೃದ್ಧಾಪ್ಯದಲ್ಲಿ ಔಷಧದ ವರ್ತನೆ

ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಮತ್ತು ಸ್ನಾಯು ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಕೊಬ್ಬಿನಲ್ಲಿ ಕರಗುವ ಡಯಾಜೆಪಾಮ್‌ನಂಥ ಔಷಧ ಆಗ ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ರಾತ್ರಿ ನಿದ್ದೆಗೆಂದು ನುಂಗಿದ ಮಾತ್ರೆಯ ಮಂಪರು ಮರುದಿನ ಹಗಲಿಗೂ ಮುಂದುವರಿದು, ಮುಗ್ಗರಿಸಿ ಬಿದ್ದು ಸೊಂಟದ ಮೂಳೆ ಮುರಿಯುವುದಕ್ಕೆ ದಾರಿಯಾಗುತ್ತದೆ. ಯಕೃತ್ತಿಗೆ ಹರಿಯುವ ರಕ್ತ ಕಡಿಮೆಯಾಗುವುದರಿಂದ ಕೆಲವು ಔಷಧಗಳು ನಿಧಾನವಾಗಿ ವಿಭಜನೆಗೊಳ್ಳುತ್ತವೆ. ನಿಂತಾಗ ರಕ್ತದೊತ್ತಡವನ್ನು ಸರಿದೂಗಿಸುವ ಶಕ್ತಿ ಕುಗ್ಗುವುದರಿಂದ ಬಿಪಿ ಮಾತ್ರೆ ನುಂಗಿದವರಿಗೆ ಎದ್ದೊಡನೆ ತಲೆಸುತ್ತು ಬರುತ್ತದೆ. ಮೆದುಳು ಶಾಮಕಗಳಿಗೂ ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು ತಡೆಯುವ ಔಷಧಗಳಿಗೂ ಹೆಚ್ಚು ಸೂಕ್ಷ್ಮವಾಗುತ್ತದೆ. ಶೀತಕ್ಕೆ ಕೊಡುವ ಕ್ಲೋರ್‌ಫೆನಿರಮಿನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಈ ಗುಂಪಿಗೆ ಸೇರಿದವು. ವೃದ್ಧರಲ್ಲಿ ಇವು ಮರೆವು, ಮತಿಭ್ರಮೆ, ಮಲಬದ್ಧತೆ, ಮೂತ್ರಕಟ್ಟುಗಳನ್ನು ತರಬಲ್ಲವು.

ಎಲ್ಲಕ್ಕಿಂತ ಮುಖ್ಯವಾದುದು ಮೂತ್ರಪಿಂಡ. ಇದರ ಸೋಸುವ ಸಾಮರ್ಥ್ಯ ವಯಸ್ಸಿನೊಂದಿಗೆ ಕುಗ್ಗುತ್ತದೆ. ಆದರೆ ಸ್ನಾಯು ಕರಗಿದವರಲ್ಲಿ ಕ್ರಿಯಾಟಿನಿನ್ ಉತ್ಪತ್ತಿಯೇ ಕಡಿಮೆಯಿರುವುದರಿಂದ ರಕ್ತಪರೀಕ್ಷೆಯ ಅಂಕಿ ಸಹಜವಾಗಿಯೇ ಕಾಣುತ್ತದೆ. 1976ರಲ್ಲಿ ಪ್ರಕಟವಾದ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ ವಯಸ್ಸು, ತೂಕ ಮತ್ತು ಲಿಂಗವನ್ನು ಲೆಕ್ಕಕ್ಕೆ ಸೇರಿಸಿ ಈ ತೊಡಕನ್ನು ಬಿಡಿಸಲು ನೆರವಾಯಿತು. 80 ವರ್ಷದ, 45 ಕಿಲೋ ತೂಕದ ಮಹಿಳೆಯೊಬ್ಬರ ಕ್ರಿಯಾಟಿನಿನ್ 1.0 ಮಿಲಿಗ್ರಾಂ ಎಂದು ವರದಿ ಬಂದರೆ ಅದು ಪ್ರಯೋಗಾಲಯದ ಸಾಮಾನ್ಯ ಮಿತಿಯೊಳಗೇ ಇರುತ್ತದೆ. ಆದರೆ ಈ ಸೂತ್ರದಂತೆ ಆಕೆಯ ಮೂತ್ರಪಿಂಡದ ಸೋಸುವಿಕೆ ನಿಮಿಷಕ್ಕೆ ಸುಮಾರು 32 ಮಿಲಿಲೀಟರ್ ಮಾತ್ರ. ಡಿಗಾಕ್ಸಿನ್, ಮೆಟ್‌ಫಾರ್ಮಿನ್, ಡಬಿಗಟ್ರಾನ್ ಮೊದಲಾದ ಔಷಧಗಳ ಪ್ರಮಾಣವನ್ನು ಕೂಡಲೇ ಮರುಪರಿಶೀಲಿಸಬೇಕಾದ ಮಟ್ಟ ಇದು. ದಿನಕ್ಕೆ ನೂರಾರು ಚೀಟಿ ನೋಡುವವರು ಪ್ರತಿಯೊಬ್ಬರಿಗೂ ಈ ಲೆಕ್ಕ ಹಾಕಲಾರರು. ಗಣಕ ಅದನ್ನು ಒಮ್ಮೆಯೂ ಮರೆಯದೆ ಹಾಕುತ್ತದೆ.

ಬಹುಔಷಧ ಸೇವನೆ

ಒಬ್ಬ ರೋಗಿ ಏಕಕಾಲಕ್ಕೆ ಐದು ಅಥವಾ ಹೆಚ್ಚು ಔಷಧಗಳನ್ನು ನಿಯಮಿತವಾಗಿ ಸೇವಿಸುವುದನ್ನು ಸಾಮಾನ್ಯವಾಗಿ ಬಹುಔಷಧ ಸೇವನೆ ಎಂದು ಪರಿಗಣಿಸುತ್ತಾರೆ. ಸಂಖ್ಯೆಯೊಂದೇ ದೋಷವಲ್ಲ. ಹೃದಯಾಘಾತವಾದ ಮಧುಮೇಹಿಗೆ ಐದಕ್ಕಿಂತ ಹೆಚ್ಚು ಔಷಧಗಳು ನ್ಯಾಯವಾಗಿಯೇ ಬೇಕಾಗಬಹುದು. ತೊಂದರೆ ಹುಟ್ಟುವುದು ಹೃದಯಕ್ಕೊಬ್ಬರು, ಕೀಲಿಗೊಬ್ಬರು, ನರಕ್ಕೊಬ್ಬರು ಎಂದು ಬೇರೆ ಬೇರೆ ವೈದ್ಯರು ಬರೆದ ಚೀಟಿಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡದಿದ್ದಾಗ.

ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದು ಭಾವಿಸಿ ಅದಕ್ಕೆ ಮತ್ತೊಂದು ಔಷಧ ಕೊಡುವುದನ್ನು ಔಷಧ ಸರಣಿ ಎನ್ನಬಹುದು. 1990ರ ದಶಕದಲ್ಲಿ ಪೌಲಾ ರೋಚನ್ ಮತ್ತು ಜೆರಿ ಗುರ್ವಿಟ್ಜ್ ಇದನ್ನು ವಿವರಿಸಿದರು. ಅಮ್ಲೋಡಿಪಿನ್‌ನಿಂದ ಪಾದ ಊದುತ್ತದೆ, ಊತಕ್ಕೆ ಮೂತ್ರವರ್ಧಕ ಬರುತ್ತದೆ, ಅದರಿಂದ ಪೊಟ್ಯಾಸಿಯಂ ಇಳಿಯುತ್ತದೆ, ಕೊನೆಗೆ ಪೊಟ್ಯಾಸಿಯಂ ಪೂರಕವೂ ಚೀಟಿ ಸೇರುತ್ತದೆ. ತಲೆಸುತ್ತಿಗೆ ತಿಂಗಳುಗಟ್ಟಲೆ ಸಿನ್ನರಿಜಿನ್ ನುಂಗಿದವರ ಕೈ ನಡುಗತೊಡಗಿದಾಗ ಪಾರ್ಕಿನ್ಸನ್ ಕಾಯಿಲೆಯ ಮಾತ್ರೆ ಶುರುವಾಗುವುದೂ ಇಂಥದೇ ಸರಣಿ.

ಅಪಾಯ ಎಲ್ಲಿದೆ ಎಂಬ ಬಗ್ಗೆ 2011ರಲ್ಲಿ ಅಮೆರಿಕದಿಂದ ಬಂದ ಒಂದು ವರದಿ ಪ್ರಚಲಿತ ನಂಬಿಕೆಯನ್ನು ಅಲುಗಿಸಿತು. 2007ರಿಂದ 2009ರ ಅವಧಿಯ ದಾಖಲೆಗಳ ಪ್ರಕಾರ, ಔಷಧದ ದುಷ್ಪರಿಣಾಮದಿಂದಾಗಿ ತುರ್ತಾಗಿ ಆಸ್ಪತ್ರೆ ಸೇರಿದ 65 ದಾಟಿದವರ ಅಂದಾಜು ಸಂಖ್ಯೆ ವರ್ಷಕ್ಕೆ ಸುಮಾರು 1 ಲಕ್ಷ. ಇವುಗಳಲ್ಲಿ ಮೂರನೇ ಎರಡು ಪಾಲಿಗೆ ಕಾರಣವಾದವು ನಾಲ್ಕೇ ಬಗೆಯ ಔಷಧಗಳು: ವಾರ್ಫರಿನ್, ಇನ್ಸುಲಿನ್, ಪ್ಲೇಟ್‌ಲೆಟ್ ಅಂಟದಂತೆ ತಡೆಯುವ ಮಾತ್ರೆಗಳು ಮತ್ತು ಸಕ್ಕರೆ ಇಳಿಸುವ ಮಾತ್ರೆಗಳು. ವೃದ್ಧರಿಗೆ ಸಲ್ಲದು ಎಂದು ಪಟ್ಟಿ ಮಾಡಿದ ಅಪಾಯಕಾರಿ ಔಷಧಗಳ ಪಾಲು ಶೇ. 1.2 ಮಾತ್ರ. ಬಿಡಬೇಕಾದ ಔಷಧಗಳ ಪಟ್ಟಿಯೊಂದಿದ್ದರೆ ಸಾಲದು, ಬಿಡಲಾಗದ ಔಷಧಗಳ ಮೇಲೂ ನಿಗಾ ಬೇಕು ಎಂಬ ತಿಳಿವಳಿಕೆ ಇದರಿಂದ ಬಲಗೊಂಡು, ಮುಂದಿನ ತಂತ್ರಾಂಶಗಳ ವಿನ್ಯಾಸದ ಮೇಲೂ ಪ್ರಭಾವ ಬೀರಿತು.

ಮಾನದಂಡಗಳು

ಅಮೆರಿಕದ ವೃದ್ಧವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಹೋದ್ಯೋಗಿಗಳು 1991ರಲ್ಲಿ ಶುಶ್ರೂಷಾಗೃಹಗಳ ನಿವಾಸಿಗಳಿಗಾಗಿ, ತಜ್ಞರ ಒಮ್ಮತದ ಆಧಾರದಲ್ಲಿ, ಅನುಚಿತ ಔಷಧಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಮುಂದೆ ಅದನ್ನು ಎಲ್ಲ ವೃದ್ಧರಿಗೂ ಅನ್ವಯಿಸಲಾಯಿತು. ಈಗ ಅಮೆರಿಕದ ವೃದ್ಧವೈದ್ಯಕೀಯ ಸಂಘ ಅದರ ಹೊಣೆ ಹೊತ್ತಿದ್ದು, 2012, 2015, 2019 ಮತ್ತು 2023ರಲ್ಲಿ ಪರಿಷ್ಕೃತ ಆವೃತ್ತಿಗಳನ್ನು ಹೊರತಂದಿದೆ. ಹೃದ್ರೋಗ ಇಲ್ಲದ ವೃದ್ಧರಿಗೆ ಮುನ್ನೆಚ್ಚರಿಕೆಯೆಂದು ಹೊಸದಾಗಿ ಆಸ್ಪಿರಿನ್ ಆರಂಭಿಸಬಾರದು ಎಂಬುದು 2023ರ ಆವೃತ್ತಿಯ ಸಲಹೆಗಳಲ್ಲೊಂದು.

ಐರ್ಲೆಂಡಿನ ಕಾರ್ಕ್ ನಗರದಲ್ಲಿ ಡೆನಿಸ್ ಒ'ಮಹೊನಿ, ಪಾಲ್ ಗ್ಯಾಲಗರ್ ಮತ್ತು ಸಂಗಡಿಗರು 2008ರಲ್ಲಿ ರೂಪಿಸಿದ ಸ್ಟಾಪ್–ಸ್ಟಾರ್ಟ್ ಮಾನದಂಡಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಸ್ಟಾಪ್ ಭಾಗ ನಿಲ್ಲಿಸಬೇಕಾದ ಔಷಧವನ್ನು ಹೇಳಿದರೆ ಸ್ಟಾರ್ಟ್ ಭಾಗ ಕೊಡಬೇಕಾಗಿದ್ದೂ ಕೊಡದಿರುವುದನ್ನು ನೆನಪಿಸುತ್ತದೆ. ನಿಯಮಿತವಾಗಿ ಓಪಿಯಾಯ್ಡ್ ನೋವುನಿವಾರಕ ಪಡೆಯುವವರಿಗೆ ಮಲಸಡಿಲಕ, ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇರುವವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ, ಇವು ಅಂಥ ನೆನಪುಗಳು. ಮೊದಲ ಆವೃತ್ತಿಯಲ್ಲಿ 87 ಮಾನದಂಡಗಳಿದ್ದವು; ಎರಡನೆಯದರಲ್ಲಿ 114; 2023ರ ಮೂರನೆಯದರಲ್ಲಿ 190. ಜರ್ಮನಿಯಲ್ಲಿ ಫೋರ್ಟಾ ಮತ್ತು ಪ್ರಿಸ್ಕಸ್ ಎಂಬ ಪಟ್ಟಿಗಳು ಬಳಕೆಯಲ್ಲಿವೆ. ಆಸ್ಟ್ರೇಲಿಯಾದ ಸಾರಾ ಹಿಲ್ಮರ್ ಮತ್ತು ಸಹಸಂಶೋಧಕರು 2007ರಲ್ಲಿ ಮುಂದಿಟ್ಟ ಔಷಧ ಹೊರೆ ಸೂಚ್ಯಂಕ, ಶಾಮಕಗಳೂ ಅಸಿಟೈಲ್‌ಕೋಲಿನ್ ತಡೆಯುವ ಔಷಧಗಳೂ ದೇಹದ ಮೇಲೆ ಹೇರುವ ಒಟ್ಟು ಭಾರವನ್ನು ಅಂಕಿಯಲ್ಲಿ ಹೇಳುತ್ತದೆ.

190 ಮಾನದಂಡಗಳನ್ನು ಹತ್ತು ಔಷಧಗಳ ಚೀಟಿಯೊಂದಕ್ಕೆ ಕೈಯಾರೆ ಅನ್ವಯಿಸಲು ಹಿಡಿಯುವ ಸಮಯ ಯಾವ ವಾರ್ಡಿನಲ್ಲೂ ಸಿಗುವುದಿಲ್ಲ. ಈ ಪಟ್ಟಿಗಳನ್ನು ತಂತ್ರಾಂಶಕ್ಕೆ ಇಳಿಸುವ ಪ್ರಯತ್ನಗಳು ಹುಟ್ಟಿದ್ದು ಈ ಕಾರಣಕ್ಕೆ.

ತಂತ್ರಾಂಶದ ಬೆಳವಣಿಗೆ

ಗಣಕದ ನೆರವಿನಿಂದ ಔಷಧಚೀಟಿ ಪರಿಶೀಲಿಸುವ ಯೋಚನೆ ಹೊಸದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಆರಂಭದಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಸಂಗಡಿಗರು ಕಟ್ಟಿದ ಮೀಡಿಫಾರ್ ವ್ಯವಸ್ಥೆ ಔಷಧಗಳ ಪರಸ್ಪರ ಘರ್ಷಣೆಯನ್ನು ಗುರುತಿಸಿ ಆಸ್ಪತ್ರೆಯ ಫಾರ್ಮಸಿಗೆ ವರದಿ ಕೊಡುತ್ತಿತ್ತು. ಇಂಡಿಯಾನಾಪೊಲಿಸ್‌ನ ಕ್ಲೆಮೆಂಟ್ ಮೆಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ ಅಧ್ಯಯನ ಗಣಕದ ನೆನಪೋಲೆ ಪಡೆದ ವೈದ್ಯರು ಸರಿಯಾದ ಕ್ರಮವನ್ನು ಹೆಚ್ಚು ಬಾರಿ ಕೈಗೊಂಡರೆಂದು ತೋರಿಸಿತು. ಅರಿವು ಇದ್ದೂ ಕೆಲಸದ ಒತ್ತಡದಲ್ಲಿ ಕಣ್ತಪ್ಪುವುದು ಮನುಷ್ಯ ಸಹಜ ಎಂಬುದು ಅವರ ತೀರ್ಮಾನ.

ಕಾನೂನೂ ಈ ಬೆಳವಣಿಗೆಗೆ ಒತ್ತಾಸೆಯಾಯಿತು. ಅಮೆರಿಕದ ಶುಶ್ರೂಷಾಗೃಹಗಳಲ್ಲಿ ಪ್ರತಿ ತಿಂಗಳೂ ಫಾರ್ಮಸಿಸ್ಟರು ನಿವಾಸಿಗಳ ಔಷಧಗಳನ್ನು ಪರಿಶೀಲಿಸುವುದು ಕಡ್ಡಾಯ. ಅಲ್ಲಿನ 1990ರ ಕಾಯಿದೆ, ಬಡವರ ಆರೋಗ್ಯ ಯೋಜನೆಯಾದ ಮೆಡಿಕೈಡ್‌ನ ರೋಗಿಗಳಿಗೆ ಔಷಧ ವಿತರಿಸುವ ಮುನ್ನವೇ ಚೀಟಿಯ ಪರಿಶೀಲನೆ ನಡೆಯಬೇಕೆಂದೂ ಫಾರ್ಮಸಿಸ್ಟರು ತಿಳಿವಳಿಕೆ ನೀಡಲು ಮುಂದಾಗಬೇಕೆಂದೂ ವಿಧಿಸಿತು. ಔಷಧದ ಅಂಗಡಿಗಳ ಗಣಕಗಳಲ್ಲಿ ಸ್ವಯಂಚಾಲಿತ ತಪಾಸಣೆ ರೂಢಿಗೆ ಬರಲು ಇದೊಂದು ಮುಖ್ಯ ಕಾರಣ. ಆಸ್ಟ್ರೇಲಿಯಾ 2001ರಲ್ಲಿ ಫಾರ್ಮಸಿಸ್ಟರು ರೋಗಿಯ ಮನೆಗೇ ಹೋಗಿ ಔಷಧ ಪರಿಶೀಲಿಸುವ ಸರ್ಕಾರಿ ಯೋಜನೆಯನ್ನು ಆರಂಭಿಸಿತು. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಚಿಕಿತ್ಸಾ ಜಾಲಗಳ ಕ್ಲಿನಿಕಲ್ ಫಾರ್ಮಸಿಸ್ಟರು ಕ್ರಮಬದ್ಧ ಔಷಧ ಪರಿಶೀಲನೆ ನಡೆಸುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರ ಮಾರ್ಚ್‌ನಲ್ಲಿ ಬಾನ್ ನಗರದಲ್ಲಿ 'ಹಾನಿಯಿಲ್ಲದ ಔಷಧ' ಎಂಬ ಜಾಗತಿಕ ಕಾರ್ಯಕ್ರಮವನ್ನು ಘೋಷಿಸಿತು. ತಡೆಯಬಹುದಾದ ತೀವ್ರ ಔಷಧ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸುವುದು ಅದರ ಗುರಿಯಾಗಿತ್ತು. ಬಹುಔಷಧ ಸೇವನೆ ಅದರ ಮೂರು ಆದ್ಯತೆಗಳಲ್ಲಿ ಒಂದು.

ರಚನೆ ಮತ್ತು ಕಾರ್ಯವಿಧಾನ

ಇಂಥ ತಂತ್ರಾಂಶದಲ್ಲಿ ಮೂರು ಅಂಗಗಳಿರುತ್ತವೆ. ಮೊದಲನೆಯದು ರೋಗಿಯ ಮಾಹಿತಿ: ವಯಸ್ಸು, ತೂಕ, ರೋಗಗಳು, ಔಷಧಗಳ ಹೆಸರು ಮತ್ತು ಪ್ರಮಾಣ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಸೋಡಿಯಂ, ರಕ್ತದೊತ್ತಡ, ಹಿಂದೆ ಬಿದ್ದ ದಾಖಲೆ. ಎರಡನೆಯದು ಜ್ಞಾನಕೋಶ: ಮಾನದಂಡಗಳು, ಔಷಧ ಘರ್ಷಣೆಗಳ ಪಟ್ಟಿ, ಪ್ರಮಾಣದ ಮಿತಿಗಳು. ಮೂರನೆಯದು ಇವೆರಡನ್ನೂ ಹೊಂದಿಸಿ ನೋಡುವ ತರ್ಕಯಂತ್ರ. ಇವು ಒಂದಕ್ಕೊಂದು ಅರ್ಥವಾಗಬೇಕಾದರೆ ಪ್ರತಿ ಔಷಧಕ್ಕೂ ಪ್ರತಿ ರೋಗಕ್ಕೂ ಪ್ರಮಾಣಿತ ಸಂಕೇತ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಎಟಿಸಿ ವರ್ಗೀಕರಣ, ಸ್ನೋಮೆಡ್ ಸಿಟಿ ಮೊದಲಾದ ಸಂಕೇತಾವಳಿಗಳು ಇದಕ್ಕೆ ಬಳಕೆಯಾಗುತ್ತವೆ.

ನಿಯಮಗಳು 'ಹೀಗಿದ್ದರೆ ಹಾಗೆ' ಎಂಬ ಸ್ವರೂಪದವು. ಮೂತ್ರಪಿಂಡದ ಸೋಸುವಿಕೆ 50ಕ್ಕಿಂತ ಕಡಿಮೆಯಿದ್ದು ಚೀಟಿಯಲ್ಲಿ ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್‌ನಂಥ ಉರಿಯೂತ ತಡೆಯುವ ನೋವಿನ ಮಾತ್ರೆ ಇದ್ದರೆ ಎಚ್ಚರಿಸು. ಸೋಸುವಿಕೆ 30ಕ್ಕಿಂತ ಕಡಿಮೆಯಿದ್ದು ಮೆಟ್‌ಫಾರ್ಮಿನ್ ಇದ್ದರೆ ಎಚ್ಚರಿಸು. ಅದೇ ಸ್ಥಿತಿಯಲ್ಲಿ ಡಿಗಾಕ್ಸಿನ್ ದಿನಕ್ಕೆ 125 ಮೈಕ್ರೊಗ್ರಾಂ ಮೀರಿದ್ದರೆ ಎಚ್ಚರಿಸು. ಇವು ಸ್ಟಾಪ್ ಪಟ್ಟಿಯಿಂದಲೇ ಬಂದ ನಿಯಮಗಳು. ಇನ್ನು ಕೆಲವು ಮಾನದಂಡಗಳು ಗಣಕಕ್ಕೆ ಸುಲಭವಾಗಿ ಒಗ್ಗುವುದಿಲ್ಲ. 'ಸೂಕ್ತ ಕಾರಣವಿಲ್ಲದೆ ಕೊಟ್ಟ ಔಷಧ' ಎಂಬುದನ್ನು ಗುರುತಿಸಲು ವೈದ್ಯರು ಆ ಔಷಧವನ್ನು ಏಕೆ ಕೊಟ್ಟರೆಂಬುದು ದಾಖಲೆಯಲ್ಲಿ ಇರಬೇಕು. ಅದು ಬಹುತೇಕ ಕಡೆ ಇರುವುದಿಲ್ಲ.

ಬಳಕೆಯ ವೇಳೆಯನ್ನು ಅನುಸರಿಸಿ ಎರಡು ಬಗೆಗಳಿವೆ. ಚೀಟಿ ಬರೆಯುವ ಅಥವಾ ವಿತರಿಸುವ ಕ್ಷಣದಲ್ಲೇ ಪರದೆಯ ಮೇಲೆ ಮೂಡುವ ಎಚ್ಚರಿಕೆ ಒಂದು. ಸಾವಿರಾರು ರೋಗಿಗಳ ದಾಖಲೆಯನ್ನು ಒಮ್ಮೆಲೇ ಜಾಲಾಡಿ, ಅಪಾಯದಲ್ಲಿರುವವರ ಪಟ್ಟಿಯನ್ನು ಫಾರ್ಮಸಿಸ್ಟರ ಮುಂದಿಡುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ಫಾರ್ಮಸಿಸ್ಟರಿಗೆ ಯೋಚಿಸಲು ಸಮಯವಿರುತ್ತದೆ.

ಫಾರ್ಮಸಿಸ್ಟರ ಪಾತ್ರ

ಪರಿಶೀಲನೆ ಆರಂಭವಾಗುವುದು ರೋಗಿ ವಾಸ್ತವವಾಗಿ ಏನೇನು ನುಂಗುತ್ತಿದ್ದಾರೆ ಎಂಬ ಪಟ್ಟಿಯಿಂದ. ಚೀಟಿಯಲ್ಲಿರುವುದಕ್ಕೂ ಡಬ್ಬಿಯಲ್ಲಿರುವುದಕ್ಕೂ ಅಂತರವಿರುತ್ತದೆ. ಅಂಗಡಿಯಲ್ಲಿ ಕೇಳಿ ಪಡೆದ ನೋವಿನ ಮಾತ್ರೆ, ವರ್ಷಗಳ ಹಿಂದೆ ಕೆಲವೇ ವಾರಗಳಿಗೆಂದು ಬರೆದುಕೊಟ್ಟ ಗ್ಯಾಸ್ ಮಾತ್ರೆ, ಆಯುರ್ವೇದದ ಚೂರ್ಣ, ನೆರೆಯವರು ಕೊಟ್ಟ ನಿದ್ದೆ ಮಾತ್ರೆ ಇವೆಲ್ಲ ಮಾತಿನಿಂದಷ್ಟೇ ಹೊರಬರುತ್ತವೆ. ತಂತ್ರಾಂಶಕ್ಕೆ ಅಪೂರ್ಣ ಪಟ್ಟಿ ಕೊಟ್ಟರೆ ಅದರ ಉತ್ತರವೂ ಅಪೂರ್ಣ.

ಪಟ್ಟಿ ಸಿದ್ಧವಾದ ಮೇಲೆ ತಂತ್ರಾಂಶ ಕೊಟ್ಟ ಎಚ್ಚರಿಕೆಗಳನ್ನು ಫಾರ್ಮಸಿಸ್ಟರು ಜರಡಿ ಹಿಡಿಯುತ್ತಾರೆ. ಟೆಲ್ಮಿಸಾರ್ಟನ್, ಹೈಡ್ರೋಕ್ಲೋರೋಥಯಾಜೈಡ್ ಮತ್ತು ಮಂಡಿನೋವಿಗೆ ಅಸೆಕ್ಲೊಫಿನ್ಯಾಕ್ ಒಟ್ಟಿಗೆ ಸೇವಿಸುವವರ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ. ಬೇಸಿಗೆಯಲ್ಲಿ ಭೇದಿಯಾಗಿ ದೇಹದ ನೀರು ಕಡಿಮೆಯಾದರೆ ಕೆಲವೇ ದಿನಗಳಲ್ಲಿ ಮೂತ್ರಪಿಂಡ ಸೋಲಬಹುದು. ಇಲ್ಲಿ ಬಿಪಿ ಔಷಧಕ್ಕಿಂತ ನೋವಿನ ಮಾತ್ರೆಯನ್ನು ಬದಲಿಸುವುದು ಸಾಮಾನ್ಯವಾಗಿ ಸುಲಭ: ಪ್ಯಾರಸಿಟಮಾಲ್, ಹಚ್ಚುವ ಮುಲಾಮು, ವ್ಯಾಯಾಮ. ಅದೇ ಚೀಟಿಯಲ್ಲಿ ತಂತ್ರಾಂಶ ತೋರಿಸಿದ ಇನ್ನೈದು ಸಣ್ಣ ಘರ್ಷಣೆಗಳನ್ನು ಫಾರ್ಮಸಿಸ್ಟರು ಸಕಾರಣವಾಗಿ ಕೈಬಿಡಬಹುದು. ಕೊನೆಗಾಲದ ಆರೈಕೆಯಲ್ಲಿರುವವರಿಗೆ ಸ್ಟ್ಯಾಟಿನ್ ಸೇರಿಸಬೇಕೆಂದು ಸ್ಟಾರ್ಟ್ ನಿಯಮ ನೆನಪಿಸಿದರೂ ಅದನ್ನು ಪಕ್ಕಕ್ಕಿಡುವ ವಿವೇಕ ಗಣಕದ್ದಲ್ಲ.

ಔಷಧ ನಿಲ್ಲಿಸುವುದಕ್ಕೂ ಕ್ರಮವಿದೆ. ಆಲ್‌ಪ್ರಜೊಲಾಮ್‌ನಂಥ ನಿದ್ದೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ತಳಮಳ, ನಿದ್ರಾಹೀನತೆ, ಕೆಲವೊಮ್ಮೆ ಸೆಳವೂ ಬರಬಹುದು. ಆದ್ದರಿಂದ ವಾರಗಳ ಮೇಲೆ ಹಂತಹಂತವಾಗಿ ಇಳಿಸುವ ವೇಳಾಪಟ್ಟಿ, ಮರುಭೇಟಿ, ಮನೆಯವರ ಸಹಕಾರ ಬೇಕು. ಭಾರತದಲ್ಲಿಯೂ ಇತರ ಬಹುತೇಕ ದೇಶಗಳಲ್ಲಿಯೂ ಚೀಟಿಯನ್ನು ಬದಲಿಸುವ ಅಧಿಕಾರ ವೈದ್ಯರದು. ಇಂಗ್ಲೆಂಡಿನಲ್ಲಿ ವಿಶೇಷ ಅರ್ಹತೆ ಪಡೆದ ಫಾರ್ಮಸಿಸ್ಟರು ಸ್ವತಃ ಚೀಟಿ ಬರೆಯಬಲ್ಲರು.

ಪ್ರಯೋಗಗಳು ಮತ್ತು ಫಲಿತಾಂಶ

ಅಮೆರಿಕದ ಕೊಲರಾಡೊದಲ್ಲಿ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆಯ ಸುಮಾರು 60,000 ವೃದ್ಧ ಸದಸ್ಯರನ್ನು ಒಳಗೊಂಡ ಪ್ರಯೋಗದ ವರದಿ 2007ರಲ್ಲಿ ಪ್ರಕಟವಾಯಿತು. 65 ದಾಟಿದವರಿಗೆ ಆಯ್ದ 11 ಔಷಧಗಳಲ್ಲಿ ಯಾವುದನ್ನಾದರೂ ಹೊಸದಾಗಿ ಬರೆದರೆ ಗಣಕ ಫಾರ್ಮಸಿಸ್ಟರನ್ನು ಎಚ್ಚರಿಸುತ್ತಿತ್ತು. ಅವರು ವೈದ್ಯರನ್ನು ಸಂಪರ್ಕಿಸುತ್ತಿದ್ದರು. ಇಂಥ ಔಷಧ ಪಡೆದವರ ಪ್ರಮಾಣ ಎಂದಿನ ಆರೈಕೆಯ ಗುಂಪಿನಲ್ಲಿ ಶೇ. 2.2, ಎಚ್ಚರಿಕೆಯ ಗುಂಪಿನಲ್ಲಿ ಶೇ. 1.8. ಅಮಿಟ್ರಿಪ್ಟಿಲಿನ್ ಮತ್ತು ಡಯಾಜೆಪಾಮ್ ಬಳಕೆಯಲ್ಲಿ ಇಳಿಕೆ ಸ್ಪಷ್ಟವಾಗಿತ್ತು.

ಇಂಗ್ಲೆಂಡಿನ ಪಿನ್ಸರ್ ಪ್ರಯೋಗ ಈ ಕ್ಷೇತ್ರದ ಮೈಲಿಗಲ್ಲು. ನಾಟಿಂಗ್‌ಹ್ಯಾಮ್‌ನ ಟೋನಿ ಏವರಿ ಅವರ ಮುಂದಾಳತ್ವದಲ್ಲಿ 72 ಚಿಕಿತ್ಸಾಲಯಗಳಲ್ಲಿ ನಡೆದ ಇದರ ವರದಿ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎರಡೂ ಗುಂಪುಗಳ ಚಿಕಿತ್ಸಾಲಯಗಳಿಗೆ ಅಪಾಯದಲ್ಲಿರುವ ರೋಗಿಗಳ ಗಣಕೀಕೃತ ಪಟ್ಟಿ ಸಿಕ್ಕಿತು. ಒಂದು ಗುಂಪಿಗೆ ಮಾತ್ರ, ಪಟ್ಟಿಯನ್ನು ಹಿಡಿದು ವೈದ್ಯರೊಂದಿಗೆ ಕುಳಿತು ಕೆಲಸ ಮಾಡುವ ಫಾರ್ಮಸಿಸ್ಟರೂ ಸಿಕ್ಕಿದರು. ಆರು ತಿಂಗಳ ನಂತರ ಫಾರ್ಮಸಿಸ್ಟರಿದ್ದ ಕಡೆ, ಹೊಟ್ಟೆಹುಣ್ಣಿನ ಇತಿಹಾಸವಿದ್ದವರಿಗೆ ರಕ್ಷಕ ಔಷಧವಿಲ್ಲದೆ ನೋವಿನ ಮಾತ್ರೆ ಕೊಡುವುದು, ಉಬ್ಬಸವಿದ್ದವರಿಗೆ ಬೀಟಾ ಬ್ಲಾಕರ್ ಕೊಡುವುದು, 75 ದಾಟಿದವರಿಗೆ ರಕ್ತಪರೀಕ್ಷೆಯಿಲ್ಲದೆ ಎಸಿಇ ಪ್ರತಿರೋಧಕ ಅಥವಾ ಮೂತ್ರವರ್ಧಕ ಮುಂದುವರಿಸುವುದು, ಈ ಮೂರೂ ಗಮನಾರ್ಹವಾಗಿ ಕಡಿಮೆಯಾಗಿದ್ದವು. ಮೂರನೆಯ ಲೋಪದ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು. ಮುಂದೆ ಈಸ್ಟ್ ಮಿಡ್‌ಲ್ಯಾಂಡ್ಸ್ ಪ್ರದೇಶದ 343 ಚಿಕಿತ್ಸಾಲಯಗಳಿಗೆ ವಿಸ್ತರಿಸಿದಾಗ ಅಪಾಯಕಾರಿ ಚೀಟಿಗಳ ಪ್ರಮಾಣ ಆರು ತಿಂಗಳಲ್ಲಿ ಶೇ. 16.7ರಷ್ಟು ಇಳಿಯಿತು. ಬಳಿಕ ಇದನ್ನು ಇಂಗ್ಲೆಂಡಿನಾದ್ಯಂತ ಹರಡಲಾಯಿತು.

ಕಾರ್ಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡೇವಿಡ್ ಒ'ಸಲಿವನ್ ಮತ್ತು ಸಂಗಡಿಗರು ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 65 ದಾಟಿದ 737 ಒಳರೋಗಿಗಳಿದ್ದರು. ತಂತ್ರಾಂಶದ ನೆರವಿನಿಂದ ಫಾರ್ಮಸಿಸ್ಟರು ಪರಿಶೀಲಿಸಿದ ಗುಂಪಿನಲ್ಲಿ ಔಷಧದ ದುಷ್ಪರಿಣಾಮಕ್ಕೆ ಒಳಗಾದವರು ಶೇ. 13.9, ಎಂದಿನ ಆರೈಕೆಯ ಗುಂಪಿನಲ್ಲಿ ಶೇ. 20.7. ಅಂದರೆ ಸುಮಾರು 15 ರೋಗಿಗಳನ್ನು ಹೀಗೆ ಪರಿಶೀಲಿಸಿದರೆ ಒಬ್ಬರನ್ನು ದುಷ್ಪರಿಣಾಮದಿಂದ ಉಳಿಸಬಹುದು. ಫಾರ್ಮಸಿಸ್ಟರು ಮಾಡಿದ ಸಲಹೆಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ವೈದ್ಯರು ಜಾರಿಗೆ ತಂದಿದ್ದರು.

ಇದರ ಎದುರಿಗೆ ಸೆನೆಟರ್ ಪ್ರಯೋಗವನ್ನು ಇಟ್ಟು ನೋಡಬೇಕು. ಅದೂ ಕಾರ್ಕ್‌ನ ಸಂಶೋಧಕರದೇ. ಅದರ ತಂತ್ರಾಂಶಕ್ಕೂ ಸ್ಟಾಪ್–ಸ್ಟಾರ್ಟ್ ನಿಯಮಗಳೇ ಬುನಾದಿ. ಕಾರ್ಕ್, ಅಬರ್ಡೀನ್, ಗೆಂಟ್, ಮ್ಯಾಡ್ರಿಡ್, ಅಂಕೋನಾ ಮತ್ತು ರೇಕ್ಯಾವಿಕ್‌ಗಳ ಆಸ್ಪತ್ರೆಗಳಲ್ಲಿ 1,537 ವೃದ್ಧರನ್ನು ಸೇರಿಸಿಕೊಳ್ಳಲಾಗಿತ್ತು. ಇಲ್ಲಿ ತಂತ್ರಾಂಶ ಸಿದ್ಧಪಡಿಸಿದ ವರದಿ ವೈದ್ಯರ ಕೈಗೆ ಹೋಗುತ್ತಿತ್ತು. ಫಲ ಶೂನ್ಯ: ದುಷ್ಪರಿಣಾಮದ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇ. 24ರಿಂದ 25ರ ನಡುವೆಯೇ ಇತ್ತು. ಜಾರಿಗೆ ಬಂದ ಸಲಹೆಗಳು ಶೇ. 15ರ ಆಸುಪಾಸು. ರೋಗಿಗಳೂ ಆಸ್ಪತ್ರೆಗಳೂ ಬೇರೆಯಾದ್ದರಿಂದ ಎರಡು ಪ್ರಯೋಗಗಳನ್ನು ನೇರವಾಗಿ ಹೋಲಿಸಲಾಗದಿದ್ದರೂ, ಸಲಹೆ ಎಷ್ಟೇ ಸರಿಯಾಗಿದ್ದರೂ ಅದನ್ನು ಹಾಸಿಗೆಯ ಬಳಿಗೆ ಒಯ್ದು ಚರ್ಚಿಸುವವರಿಲ್ಲದಿದ್ದರೆ ಕಾಗದದಲ್ಲೇ ಉಳಿಯುತ್ತದೆ ಎಂಬ ಸೂಚನೆ ಸ್ಪಷ್ಟ.

ಮಾತುಕತೆಯೊಂದೇ ಸಾಲದು ಎಂಬುದಕ್ಕೂ ಉದಾಹರಣೆಯಿದೆ. ಬರ್ನ್, ಯುಟ್ರೆಕ್ಟ್, ಬ್ರಸೆಲ್ಸ್ ಮತ್ತು ಕಾರ್ಕ್‌ಗಳಲ್ಲಿ 70 ದಾಟಿದ 2,008 ರೋಗಿಗಳ ಮೇಲೆ ನಡೆದ ಆಪರಂ ಪ್ರಯೋಗದಲ್ಲಿ ವೈದ್ಯರೂ ಫಾರ್ಮಸಿಸ್ಟರೂ ಒಟ್ಟಾಗಿ ತಂತ್ರಾಂಶ ಬಳಸಿ ಪರಿಶೀಲಿಸಿದರು. 2021ರಲ್ಲಿ ಬಂದ ವರದಿಯಂತೆ ಶೇ. 86 ರೋಗಿಗಳ ಚೀಟಿಯಲ್ಲಿ ಅನುಚಿತ ಅಂಶ ಕಂಡುಬಂತು. ಹಲವರ ಔಷಧಗಳು ಬದಲಾದವು. ಆದರೆ ಔಷಧ ಸಂಬಂಧಿತ ಮರುದಾಖಲಾತಿ ಗಮನಾರ್ಹವಾಗಿ ತಗ್ಗಲಿಲ್ಲ. ಕೆನಡಾದ 11 ಆಸ್ಪತ್ರೆಗಳಲ್ಲಿ ಮೆಡ್‌ಸೇಫರ್ ಎಂಬ ತಂತ್ರಾಂಶದ ವರದಿಯನ್ನು ಚಿಕಿತ್ಸಾ ತಂಡಗಳಿಗೆ ಕೊಟ್ಟಾಗ, ಬಿಡುಗಡೆಯ ಹೊತ್ತಿಗೆ ಅನಗತ್ಯ ಔಷಧ ಕಡಿತಗೊಂಡವರ ಪ್ರಮಾಣ ಶೇ. 29.8ರಿಂದ 55.4ಕ್ಕೆ ಏರಿತು, 30 ದಿನಗಳೊಳಗಿನ ದುಷ್ಪರಿಣಾಮಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಒಟ್ಟಾರೆ, ಚೀಟಿಯ ಗುಣಮಟ್ಟ ಸುಧಾರಿಸುತ್ತದೆ ಎಂಬುದಕ್ಕೆ ಸಾಕ್ಷ್ಯ ಬಲವಾಗಿದೆ. ಆಸ್ಪತ್ರೆ ದಾಖಲಾತಿ ಮತ್ತು ಸಾವು ಕಡಿಮೆಯಾಗುತ್ತವೆ ಎಂಬುದಕ್ಕೆ ಸಾಕ್ಷ್ಯ ಇನ್ನೂ ದುರ್ಬಲ.

ಮಿತಿಗಳು

ದೊಡ್ಡ ತೊಡಕು ಎಚ್ಚರಿಕೆಯ ದಣಿವು. ಪರದೆಯ ಮೇಲೆ ಮೇಲಿಂದ ಮೇಲೆ ಮೂಡುವ ಸೂಚನೆಗಳನ್ನು ಬಳಕೆದಾರರು ಓದದೆಯೇ ಮುಚ್ಚತೊಡಗುತ್ತಾರೆ. 2006ರ ಒಂದು ವಿಮರ್ಶೆಯ ಪ್ರಕಾರ ಬೇರೆ ಬೇರೆ ಅಧ್ಯಯನಗಳಲ್ಲಿ ಶೇ. 49ರಿಂದ 96ರಷ್ಟು ಔಷಧ ಎಚ್ಚರಿಕೆಗಳನ್ನು ಬದಿಗೊತ್ತಲಾಗಿತ್ತು. ಹತ್ತು ಔಷಧ ಸೇವಿಸುವ ವೃದ್ಧರಲ್ಲಿ ಔಷಧ ಜೋಡಿಗಳೇ 45 ಆಗುವುದರಿಂದ ಸಮಸ್ಯೆ ಇಲ್ಲಿ ಇನ್ನಷ್ಟು ತೀವ್ರ. ಎಚ್ಚರಿಕೆಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸುವುದು, ಗಂಭೀರವಾದವುಗಳಿಗೆ ಮಾತ್ರ ಕೆಲಸ ತಡೆಯುವ ಸೂಚನೆ ಇಡುವುದು, ಉಳಿದವನ್ನು ಫಾರ್ಮಸಿಸ್ಟರ ಪಟ್ಟಿಗೆ ಕಳಿಸುವುದು ರೂಢಿಯಲ್ಲಿರುವ ಪರಿಹಾರಗಳು.

ಜ್ಞಾನಕೋಶ ಹಳೆಯದಾದರೆ ತಪ್ಪು ಸಲಹೆ ಬರುತ್ತದೆ. ಬಿಯರ್ಸ್ ಪಟ್ಟಿಯ ಔಷಧವೆಂದರೆ ಎಲ್ಲ ಸಂದರ್ಭದಲ್ಲೂ ನಿಷಿದ್ಧ ಎಂದು ಯಾಂತ್ರಿಕವಾಗಿ ಓದುವ ಅಪಾಯವೂ ಇದೆ. ಅವು ಮಾರ್ಗಸೂಚಿಗಳೇ ಹೊರತು ಆಜ್ಞೆಗಳಲ್ಲವೆಂದು ಪಟ್ಟಿ ಮಾಡಿದವರೇ ಒತ್ತಿ ಹೇಳಿದ್ದಾರೆ. ತಂತ್ರಾಂಶ ಏನನ್ನೂ ತೋರಿಸದಿದ್ದರೆ ಎಲ್ಲ ಸರಿಯಿದೆ ಎಂದು ನಂಬಿಬಿಡುವುದು ಮತ್ತೊಂದು ಮೋಸ.

ಭಾರತ ಮತ್ತು ಕರ್ನಾಟಕ

2011ರ ಜನಗಣತಿಯಂತೆ ಭಾರತದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಜನಸಂಖ್ಯೆಯ ಶೇ. 8.6, ಕರ್ನಾಟಕದಲ್ಲಿ ಈ ಪ್ರಮಾಣ ಶೇ. 9.5. ಫಾರ್ಮಸಿ ವೃತ್ತಿಗೆ 1948ರ ಫಾರ್ಮಸಿ ಕಾಯಿದೆ ಅಡಿಪಾಯ. ಬಹುಕಾಲ ಔಷಧ ತಯಾರಿಕೆ ಮತ್ತು ಮಾರಾಟಕ್ಕೇ ಒತ್ತುಕೊಟ್ಟಿದ್ದ ಶಿಕ್ಷಣ ನಿಧಾನವಾಗಿ ರೋಗಿಯ ಕಡೆ ತಿರುಗಿತು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಸ್ನಾತಕೋತ್ತರ ಮಟ್ಟದಲ್ಲಿ ಫಾರ್ಮಸಿ ಪ್ರಾಕ್ಟೀಸ್ ವಿಷಯವನ್ನು ಆರಂಭಿಸಿ, ಆಸ್ಪತ್ರೆಯ ವಾರ್ಡುಗಳಲ್ಲಿ ಕ್ಲಿನಿಕಲ್ ಫಾರ್ಮಸಿ ಸೇವೆಯನ್ನು ರೂಢಿಸಿದ ದೇಶದ ಮೊದಲ ಸಂಸ್ಥೆಗಳ ಸಾಲಿಗೆ ಸೇರಿತು. 2008ರಲ್ಲಿ ಆರು ವರ್ಷದ ಫಾರ್ಮ್ ಡಿ ಪದವಿ ಜಾರಿಗೆ ಬಂತು. ಕರ್ನಾಟಕದ ಹಲವು ಕಾಲೇಜುಗಳು ಅದನ್ನು ಕಲಿಸುತ್ತಿವೆ. 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಚೀಟಿಯ ಪರಿಶೀಲನೆಯನ್ನೂ ರೋಗಿಗೆ ತಿಳಿವಳಿಕೆ ನೀಡುವುದನ್ನೂ ಫಾರ್ಮಸಿಸ್ಟರ ಕರ್ತವ್ಯವಾಗಿ ನಮೂದಿಸಿದೆ. ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ 2010ರಲ್ಲಿ ಆರಂಭವಾಗಿದ್ದು, ಗಾಜಿಯಾಬಾದ್‌ನ ಭಾರತೀಯ ಔಷಧಕೋಶ ಆಯೋಗ ಅದನ್ನು ನಡೆಸುತ್ತದೆ.

ವಿದೇಶದ ತಂತ್ರಾಂಶವನ್ನು ಹಾಗೆಯೇ ತಂದು ಬಳಸಲು ಇಲ್ಲಿ ಹಲವು ಅಡ್ಡಿಗಳಿವೆ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಗಳನ್ನು ಬೆರೆಸುವುದು ಇಲ್ಲಿ ಸಾಮಾನ್ಯ. ಬ್ರ್ಯಾಂಡ್ ಹೆಸರಿನ ಕೊನೆಗೆ 'ಎಎಂ' ಎಂದಿದ್ದರೆ ಅಮ್ಲೋಡಿಪಿನ್, 'ಎಚ್' ಎಂದಿದ್ದರೆ ಹೈಡ್ರೋಕ್ಲೋರೋಥಯಾಜೈಡ್, ಶುಗರ್ ಮಾತ್ರೆಯಲ್ಲಿ 'ಎಂ' ಎಂದಿದ್ದರೆ ಮೆಟ್‌ಫಾರ್ಮಿನ್ ಬೆರೆತಿರುವುದು ರೂಢಿ. ಎರಡು ಬೇರೆ ಬ್ರ್ಯಾಂಡುಗಳಲ್ಲಿ ಒಂದೇ ಔಷಧ ಅಡಗಿ ಪ್ರಮಾಣ ಇಮ್ಮಡಿಯಾಗುವುದನ್ನು ಹಿಡಿಯಬೇಕಾದರೆ ತಂತ್ರಾಂಶ ಪ್ರತಿ ಬ್ರ್ಯಾಂಡನ್ನೂ ಬಿಡಿಸಿ ಮೂಲ ಔಷಧಗಳಾಗಿ ಓದಬೇಕು. ಸರ್ಕಾರ 2016ರಲ್ಲಿ 344 ಮಿಶ್ರಣಗಳನ್ನು, 2018ರಲ್ಲಿ 328 ಮಿಶ್ರಣಗಳನ್ನು ನಿಷೇಧಿಸುವ ಆದೇಶ ಹೊರಡಿಸಿದ್ದರಿಂದ ಈ ಪಟ್ಟಿಯನ್ನು ಸತತವಾಗಿ ಪರಿಷ್ಕರಿಸುತ್ತಲೂ ಇರಬೇಕು.

ಕೈಬರಹದ ಚೀಟಿ ಇನ್ನೂ ವ್ಯಾಪಕ. ಔಷಧದ ಅಂಗಡಿಯ ಗಣಕದಲ್ಲಿ ದಾಸ್ತಾನು ಮತ್ತು ಬಿಲ್ ಇರುತ್ತವೆಯೇ ಹೊರತು ಗಿರಾಕಿಯ ವಯಸ್ಸಾಗಲಿ ಕ್ರಿಯಾಟಿನಿನ್ ಆಗಲಿ ಇರುವುದಿಲ್ಲ. ನೋವಿನ ಮಾತ್ರೆ, ಗ್ಯಾಸ್ ಮಾತ್ರೆಗಳು ಚೀಟಿಯಿಲ್ಲದೆ ಕೈಸೇರುತ್ತವೆ. ಹೀಗಾಗಿ ಬಿಯರ್ಸ್ ಮತ್ತು ಸ್ಟಾಪ್–ಸ್ಟಾರ್ಟ್ ಮಾನದಂಡಗಳ ಬಳಕೆ ಇಲ್ಲಿ ಮುಖ್ಯವಾಗಿ ಬೋಧನಾ ಆಸ್ಪತ್ರೆಗಳ ಅಧ್ಯಯನಗಳಿಗೆ ಸೀಮಿತವಾಗಿದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಜಾರಿಗೊಂಡ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರ ಆರೋಗ್ಯ ದಾಖಲೆಗಳನ್ನು ಒಂದೇ ಗುರುತಿನಡಿ ಜೋಡಿಸುವ ಗುರಿ ಹೊಂದಿದೆ. ಅದು ಪ್ರಯೋಗಾಲಯದ ವರದಿಯನ್ನೂ ಔಷಧಚೀಟಿಯನ್ನೂ ಒಟ್ಟಿಗೆ ತಂದರೆ ಪಿನ್ಸರ್ ಮಾದರಿಯ ಜಾಲಾಟ ಇಲ್ಲಿಯೂ ಸಾಧ್ಯವಾದೀತು. ಬೆಳಿಗ್ಗೆಗೆ ಯಾವುದು, ರಾತ್ರಿಗೆ ಯಾವುದು, ನಿಲ್ಲಿಸಿದ್ದು ಯಾವುದು ಎಂಬುದನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಕೊಡುವ ಸೌಲಭ್ಯ ತಂತ್ರಾಂಶಕ್ಕೆ ಇದ್ದರೆ ರಾಜ್ಯದ ವೃದ್ಧರಿಗೆ ಅದರ ಉಪಯೋಗ ನೇರವಾಗಿ ತಲುಪುತ್ತದೆ.

ಈಚಿನ ಪ್ರವೃತ್ತಿಗಳು

ಆಸ್ಟ್ರೇಲಿಯಾದ ಜಿ-ಮೆಡ್ಸ್ ತಂತ್ರಾಂಶ ಔಷಧ ಹೊರೆ ಸೂಚ್ಯಂಕದ ಜೊತೆಗೆ ರೋಗಿಯ ಸ್ವಂತ ಗುರಿಗಳನ್ನೂ ಪರಿಶೀಲನೆಗೆ ಸೇರಿಸುತ್ತದೆ. ಆಯಸ್ಸು ಹೆಚ್ಚಿಸುವುದಕ್ಕಿಂತ ಎಚ್ಚರವಾಗಿ ಓಡಾಡಿಕೊಂಡಿರುವುದೇ ಮುಖ್ಯ ಎನ್ನುವವರ ಔಷಧಪಟ್ಟಿ ಬೇರೆಯದೇ ಆಗಬಹುದು. ಯಂತ್ರಕಲಿಕೆಯ ವಿಧಾನಗಳನ್ನು ಯಾವ ರೋಗಿಯನ್ನು ಮೊದಲು ಪರಿಶೀಲಿಸಬೇಕು ಎಂದು ಆದ್ಯತೆ ನಿಗದಿ ಮಾಡಲು, ಅನಗತ್ಯ ಎಚ್ಚರಿಕೆಗಳನ್ನು ಸೋಸಲು, ವೈದ್ಯರ ಟಿಪ್ಪಣಿಗಳಿಂದ ಔಷಧ ಕೊಟ್ಟ ಕಾರಣವನ್ನು ಹೆಕ್ಕಲು ಪರೀಕ್ಷಿಸಲಾಗುತ್ತಿದೆ. ಮೌಲ್ಯಮಾಪನದ ಅಳತೆಗೋಲೂ ಬದಲಾಗುತ್ತಿದೆ. ತಂತ್ರಾಂಶ ಎಷ್ಟು ದೋಷ ಹಿಡಿಯಿತು ಎಂಬ ಎಣಿಕೆಗಿಂತ, ಎಷ್ಟು ಸಲಹೆಗಳು ಜಾರಿಗೆ ಬಂದವು, ಬಿಡುಗಡೆಯ ಬಳಿಕವೂ ಎಷ್ಟು ಉಳಿದವು, ರೋಗಿ ಬೀಳುವುದು ಮತ್ತು ಆಸ್ಪತ್ರೆ ಸೇರುವುದು ಕಡಿಮೆಯಾಯಿತೇ ಎಂಬುದನ್ನು ಸಂಶೋಧಕರು ಈಗ ಕೇಳುತ್ತಿದ್ದಾರೆ. ತಂತ್ರಾಂಶವನ್ನು ಕೊಳ್ಳುವ ಆಸ್ಪತ್ರೆಗಳು ಅದನ್ನು ಬಳಸುವ ಫಾರ್ಮಸಿಸ್ಟರ ಸಮಯವನ್ನೂ ವೆಚ್ಚದ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಪಿನ್ಸರ್ ಮತ್ತು ಸೆನೆಟರ್‌ಗಳನ್ನು ಜೊತೆಯಾಗಿ ಓದಿದವರಿಗೆ ಸಿಗುವ ಪಾಠ.